ಎರಡನೆಯ ಹಲಗೆ

ಕಲ್ಲಿನ ಶೆಡ್ಡಿನ ಕೂಲಿಯವನು ಕೆಲಸದ ನಡುವೆ ಸದಾ ಶಿಳ್ಳೆ ಹಾಕುತ್ತಿದ್ದ. ಎಲ್ಲರೂ ಅವನನ್ನು ಶಿಳ್ಳೆ ಎಂದೇ ಕರೆಯುತ್ತಿದ್ದರು. ಮೇಲೆ ಬಿದ್ದು ಅವನನ್ನು ಕೊಂದ ಚಪ್ಪಡಿ ಒಡೆದಿರಲಿಲ್ಲ. ಶೆಡ್ಡಿನ ಯಜಮಾನ ಅದನ್ನು ತೊಳೆಸಿ ಮತ್ತೆ ಮೇಜಿಗೇರಿಸಿದ. ಚರ್ಚಿಗೆ ಬೈಬಲ್ಲಿನ ದಶಾಜ್ಞೆ ಕೆತ್ತಿದ ಎರಡು ಕಲ್ಲಿನ ಹಲಗೆ ಕೊಡಬೇಕಿತ್ತು. ಒಂದು ಮುಗಿದಿತ್ತು, ಇದು ಎರಡನೆಯದು.

ಅಕ್ಷರ ಕೆತ್ತುವವಳು ಅವನ ತಂಗಿ. ಗಂಡ ಹೋದ ಮೇಲೆ ಅಣ್ಣನ ಮನೆ ಸೇರಿ, ಅವನ ಶೆಡ್ಡಿನಲ್ಲೇ ಉಳಿ ಹಿಡಿದಿದ್ದಳು. ಸಾಲುಗಳನ್ನು ಬಣ್ಣದಲ್ಲಿ ಬರೆದುಕೊಂಡು ಕೆಳಗಿನಿಂದ ಮೇಲಕ್ಕೆ ಕೆತ್ತುವುದು ಅವರಲ್ಲಿ ರೂಢಿ. ಮೇಲಿನಿಂದ ಹಿಡಿದರೆ ಮುಂಗೈ ಉಜ್ಜಿ ಕೆಳಗಿನ ಬರಹ ಅಳಿಸುತ್ತದೆ. ನೆರೆಯವನ ಸ್ವತ್ತಿಗೆ ಆಸೆಪಡಬಾರದು ಎಂಬ ಕೊನೆಯ ಆಜ್ಞೆ ಮುಗಿದು, ಸುಳ್ಳುಸಾಕ್ಷಿ ಹೇಳಬಾರದು ಎಂಬಲ್ಲಿಗೆ ಬಂದಿದ್ದಳು.

ಅಣ್ಣ ಪಕ್ಕದಲ್ಲಿ ಬಂದು ನಿಂತ. "ನಾಳೆ ತನಿಖೆಯವರು ಬರ್ತಾರೆ. ಕಲ್ಲೆತ್ತೋ ಬೆಲ್ಟು ಸರಿಯಿತ್ತು, ಶಿಳ್ಳೆನೇ ಕಲ್ಲಿನ ಕೆಳಗೆ ನುಗ್ಗಿದ ಅಂತ ಹೇಳು. ಅಷ್ಟೇ."

"ಬೆಲ್ಟು ನೂಲು ನೂಲಾಗಿತ್ತು. ನಾನೇ ನಿಂಗೆ ತೋರಿಸಿದ್ದೆ."

"ಸತ್ತವನಿಗೆ ಇನ್ನು ಅದೆಲ್ಲ ಯಾಕೆ?"

"ಅವನ ಹೆಂಡತಿ ಸತ್ತಿಲ್ವಲ್ಲ. ತಪ್ಪು ಅವನದ್ದೇ ಅಂತಾದ್ರೆ ಆಕೆಗೆ ಬಿಡಿಗಾಸೂ ಸಿಗಲ್ಲ."

"ನಾನು ಜೈಲಿಗೆ ಹೋದ್ರೆ ನಿಂಗೆ ಅನ್ನ ಯಾರು ಹಾಕ್ತಾರೆ? ಆ ಕಲ್ಲು ಹಾಕುತ್ತಾ?"

ಸಂಜೆ ಪಾದ್ರಿ ಕೆಲಸ ನೋಡಲು ಬಂದರು. ಅಣ್ಣ ಕುರ್ಚಿ ಹಾಕಿ ಕೈಕಟ್ಟಿ ನಿಂತ.

"ಫಾದರ್, ಹತ್ತೂ ಆಜ್ಞೆ ಒಂದೇ ಕಲ್ಲಲ್ಲಿ ಹಿಡಿಸ್ತಿತ್ತು. ಎರಡು ಯಾಕೆ?" ಎಂದು ಅವಳು ಕೇಳಿದಳು.

"ಒಂದು ದೇವರ ಜೊತೆ ಹೇಗಿರಬೇಕು ಅನ್ನೋದಕ್ಕೆ, ಇನ್ನೊಂದು ಜನರ ಜೊತೆ. ಮೊದಲನೆಯದು ಎಲ್ಲರಿಗೂ ಇಷ್ಟ. ದೇವರು ಪಕ್ಕದ ಮನೆಯಲ್ಲಿರಲ್ಲ ನೋಡಮ್ಮ."

ಅಣ್ಣ ಜೋರಾಗಿ ನಕ್ಕ. ಚಪ್ಪಡಿಯ ಮೂಲೆಯ ಸಣ್ಣ ರಂಧ್ರಗಳಲ್ಲಿ ಒಣರಕ್ತದ ಕಂದು ಇನ್ನೂ ಉಳಿದಿತ್ತು. ಪಾದ್ರಿ ಅದನ್ನು ಕಲ್ಲಿನದೇ ಬಣ್ಣ ಎಂದುಕೊಂಡು ಬೆರಳಾಡಿಸಿದರು.

ಕದಿಯಲು, ಕೊಲ್ಲಲು ಅವಳಿಗೆ ಎಂದೂ ಸಂದರ್ಭವೇ ಬಂದಿರಲಿಲ್ಲ. ಹಾಗಾಗಿ ತಾನು ಒಳ್ಳೆಯವಳೆಂದು ನಂಬಿಕೊಂಡು ಬದುಕಿದ್ದಳು. ಮುರಿಯಲೆಂದು ಅವಳ ಕೈಗೆ ಮೊದಲು ಸಿಕ್ಕ ಆಜ್ಞೆ ಈ ಸುಳ್ಳುಸಾಕ್ಷಿಯದು.

ಮರುದಿನ ತನಿಖಾಧಿಕಾರಿ ಕೇಳುವಾಗ ಅಣ್ಣ ಬಾಗಿಲಲ್ಲೇ ನಿಂತಿದ್ದ.

"ಬೆಲ್ಟು ಸವೆದಿತ್ತು," ಎಂದಳು. "ಅಣ್ಣನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ಶಿಳ್ಳೆನ ಕಲ್ಲಿನ ಅಡಿಯಲ್ಲಿ ನಿಲ್ಲಿಸಿದ್ವಿ."

ಮನೆಗೆ ಬಂದಾಗ ಅವಳ ಪೆಟ್ಟಿಗೆ ಮೆಟ್ಟಿಲ ಮೇಲಿತ್ತು. ಅತ್ತಿಗೆ ಹೊಸ್ತಿಲು ದಾಟಲಿಲ್ಲ.

"ಉಂಡ ಮನೆಗೇ ಎರಡು ಬಗೆದ್ಯಲ್ಲ."

"ನನ್ನ ಚಾದರ ಒಳಗಿದೆ ಅತ್ತಿಗೆ. ಅದೊಂದು ಕೊಡಿ."

ಚಿಲಕ ಬಿತ್ತು.

ಶಿಳ್ಳೆಯ ಹೆಂಡತಿಯ ಮನೆ ಹತ್ತಿರದಲ್ಲೇ ಇತ್ತು. ಆದರೆ ನನಗೂ ಗೊತ್ತಿತ್ತು ಎಂದು ತಾನು ಹೇಳಿದ್ದು ಇಷ್ಟು ಹೊತ್ತಿಗೆ ಆಕೆಯ ಕಿವಿಗೂ ಬಿದ್ದಿರುತ್ತದೆ. ಅವಳು ಪೆಟ್ಟಿಗೆ ಎತ್ತಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು.