ರೇಡಿಯೋದಲ್ಲಿ ಭಾಗವ್ವನ ಕುಬಸ

ಮುಂಬಯಿಯ ವಿಲೆ ಪಾರ್ಲೆಯ ಒಂದು ಕಾಲೇಜಿನ ಕ್ಯಾಂಟೀನ್ ಆಗ ನನ್ನದು. ಎಪ್ಪತ್ತಮೂರೋ ಎಪ್ಪತ್ತನಾಲ್ಕೋ, ಅದಕ್ಕೆ ಜಗಳ ಬೇಡ. ಹುಡುಗರು ತಮ್ಮದೇ ರೇಡಿಯೋ ಶುರು ಮಾಡಿದ್ದರು. ಆಕಾಶವಾಣಿಯಂಥದ್ದಲ್ಲ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಒಂದು ಮೈಕು, ಅಲ್ಲಿಂದ ತಂತಿ ಎಳೆದು ಕ್ಯಾಂಟೀನಿಗೊಂದು, ಗೇಟಿಗೊಂದು ಸ್ಪೀಕರು. ಊಟದ ಹೊತ್ತಿಗೆ ಹಾಡು, ಹರಟೆ, ಪ್ರೊಫೆಸರರ ಅಣಕ. ಕೇಳುತ್ತ ಎಲ್ಲರೂ ಒಂದೇ ಚಹಾ ಹಿಡಿದು ಕೂತುಬಿಡುತ್ತಿದ್ದರು. ವ್ಯಾಪಾರ ಹಾಳು. ಆದರೆ ನಾನೂ ಕೇಳುತ್ತಿದ್ದೆನಲ್ಲ!

ಗೇಟಿನ ಪಕ್ಕ ಫುಟ್‌ಪಾತಿನಲ್ಲಿ ವಿಜಾಪುರದ ಧರ್ಮಣ್ಣ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದ. ಕೋಟುಗೀಟು ಅಲ್ಲ, ಪಾಯಿಜಾಮ, ಲಂಗ, ದಿನಾ ಹಾಕುವ ಬಟ್ಟೆ. ಆ ವರ್ಷ ಮಗಳು ಭಾಗವ್ವನೂ ಪಕ್ಕದಲ್ಲೇ ಇನ್ನೊಂದು ಮಷಿನ್ ಹಾಕಿ ಹೆಂಗಸರ ರವಕೆ ಹೊಲಿಯತೊಡಗಿದಳು. ಅವಳಿಗೆ ಗಂಡೂ ಗೊತ್ತಾಗಿತ್ತು. ಕಾಲೇಜಿನ ಹೊಸ ಬಿಲ್ಡಿಂಗಿನ ಕೆಲಸಕ್ಕೆ ಬರುತ್ತಿದ್ದ ಹಣಮಂತ. ಅವನ ತಾಯಿ ಸೋಮವ್ವನೂ ಅಲ್ಲೇ ಸಿಮೆಂಟಿನ ಬುಟ್ಟಿ ಹೊರುತ್ತಿದ್ದಳು.

ರೇಡಿಯೋದಲ್ಲಿ ಕನ್ನಡದ ಪಾಳಿ ಪ್ರಫುಲ್ಲಾಳದ್ದು. ನಮ್ಮ ಉಡುಪಿ ಕಡೆಯವರ ಮಗಳು, ಹುಟ್ಟಿದ್ದು ಬೊರಿವಲಿಯಲ್ಲಿ. ಕನ್ನಡ ತಡವರಿಸುತ್ತಿತ್ತು, ಬಾಯಿ ಮಾತ್ರ ಮುಚ್ಚುತ್ತಿರಲಿಲ್ಲ. ಭಾಗವ್ವ ಹೊಲಿದ ರವಕೆ ಚೆನ್ನಾಗಿ ಕೂತಿತೆಂಬ ಖುಷಿಯಲ್ಲಿ ಪುಕ್ಕಟೆ ಜಾಹೀರಾತು ಕೊಡಲು ಹೊರಟಳು. ರವಕೆಗೆ ವಿಜಾಪುರದ ಕಡೆಯವರು ಕುಬಸ ಎನ್ನುವುದನ್ನು ಕೇಳಿದ್ದಳು. ಅವರದೇ ಶಬ್ದ ಹಾಕಿದರೆ ಅವರಿಗೆ ಸಂತೋಷವೆಂದು ಎಣಿಸಿದಳು.

"ಇವತ್ತು ಗೇಟಿನ ಹತ್ರ ಭಾಗವ್ವನ ಕುಬಸ ಉಂಟು! ಹೆಂಗಸರೆಲ್ಲ ಬನ್ನಿ!"

ಧರ್ಮಣ್ಣನ ಮಷಿನ್ ನಿಂತಿತು. ಬಿಲ್ಡಿಂಗಿನ ಮೇಲಿಂದ ಯಾರೋ ಘೊಳ್ಳೆಂದು ನಕ್ಕರು. ನಾನು ಧರ್ಮಣ್ಣನ ಹತ್ತಿರ ಓಡಿದೆ.

"ಎಂಥ ಆಯ್ತು ಮಾರಾಯ್ರೆ? ಒಳ್ಳೆಯದೇ ಹೇಳಿದಳಲ್ವಾ?"

"ಏನ್ ಒಳ್ಳೇದ್ರೀ ಸದಾನಂದಣ್ಣಾ! ನಮ್ಮ ಕಡಿ ಬಸುರಿಗೆ ಮಾಡೋ ಕಾರ್ಯಕ್ಕೂ ಕುಬಸ ಅಂತಾರ. ಮದ್ವಿ ಆಗದ ಹುಡುಗಿ ಕುಬಸಕ್ಕ ಬರ್ರಿ ಅಂತ ಕೂಗಿದ್ರ ಬೀಗರು ಏನ್ ತಿಳ್ಕೋಬೇಕು?"

ನಮ್ಮಲ್ಲಿ ಅದಕ್ಕೆ ಸೀಮಂತ ಎನ್ನುವುದು. ನನಗೇನು ಗೊತ್ತು? ಅಷ್ಟರಲ್ಲಿ ಸೋಮವ್ವ ಬುಟ್ಟಿ ಕೆಳಗಿಟ್ಟು ಏಣಿ ಇಳಿಯುವುದು ಕಾಣಿಸಿತು. ನಗು ಕೇಳಿ ಹೊರಗೆ ಬಂದ ಪ್ರಫುಲ್ಲಾ ವಿಷಯ ತಿಳಿದು ಅತ್ತೇಬಿಟ್ಟಳು.

"ಈಗಲೇ ಮೈಕಿನಲ್ಲಿ ಸಾರಿ ಹೇಳ್ತೇನೆ ಅಕ್ಕಾ."

"ನೀ ಸುಮ್ಮನಿರವ್ವ," ಎಂದಳು ಭಾಗವ್ವ. "ನೀ ಮತ್ತ ಬಾಯಿ ತೆಗದ್ರ ಅವಳಿಜವಳಿ ಹುಟ್ಟಸ್ತಿ. ಮೈಕ್ ಎಲ್ಲೈತಿ, ತೋರ್ಸು."

ಹೊರಗಿನವರು ಆ ಕೋಣೆಗೆ ಹೋಗುವಂತಿರಲಿಲ್ಲ. ಆದರೆ ಆ ಮುಖ ನೋಡಿ ತಡೆಯುವ ಗಂಡಸು ಯಾರು? ಸೋಮವ್ವ ಗೇಟಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದಕ್ಕೂ ಸ್ಪೀಕರು ಕರಕರ ಎನ್ನುವುದಕ್ಕೂ ಸರಿಹೋಯಿತು.

"ನಾ ಧರ್ಮಣ್ಣನ ಮಗಳು ಭಾಗವ್ವ. ನನ್ನ ಕುಬಸ ಅಂದ್ರ ನಾ ಹೊಲದದ್ದು, ತೋಳು, ಹುಕ್ಕು ಇರೋದು. ಇನ್ನೊಂದು ಕುಬಸ ಮದ್ವಿ ಆದಮ್ಯಾಲ. ಅದೂ ಸೋಮವ್ವಾರು ಒಪ್ಪಿದ್ರ. ನಗೋರು ನಕ್ಕು ಮುಗಸ್ರಿ, ಅಳತಿ ಕೊಡೋರು ಬರ್ರಿ."

ಮೇಲೆ ನಗು ನಿಂತಿತು. ಸೋಮವ್ವ ಸ್ಪೀಕರನ್ನೇ ದಿಟ್ಟಿಸುತ್ತಿದ್ದಳು.

"ಧರ್ಮಣ್ಣಾ, ಇಕಿಗೆ ಹಿಂಗ ಮಾತಾಡಾಕ ಕಲಿಸಿದವ್ರು ಯಾರೋ?"

ಪಾಪ, ಆತ ಕತ್ತರಿಯನ್ನು ಸುಮ್ಮನೆ ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಭಾಗವ್ವ ವಾಪಸು ಬಂದಳು. ಮೈಕಿನ ಮುಂದಿನ ಧೈರ್ಯವೆಲ್ಲ ಎಲ್ಲಿ ಹೋಯಿತೋ, ಅಪ್ಪನ ಮಷಿನಿನ ಹಿಂದೆ ಸರಿದು ನಿಂತಳು. ಸೋಮವ್ವ ಅವಳ ಎದುರು ನಿಂತು ತೋಳು ಎತ್ತಿದಳು. ಕಂಕುಳಲ್ಲಿ ರವಕೆ ಹರಿದಿತ್ತು.

"ನನಗೊಂದು ಹೊಲಿ. ಇಲ್ಲಿ ಸಡ್ಲ ಬಿಡು, ಬುಟ್ಟಿ ಎತ್ತೋ ಕೈ ಇದು."

ಭಾಗವ್ವ ಟೇಪು ಹಿಡಿದಳು, ಜಾರಿಸಿದಳು, ಮತ್ತೆ ಹಿಡಿದಳು.

"ಬುಧವಾರ ಕೊಡ್ತೀನ್ರಿ."

"ಖರೇನ ಬುಧವಾರ ಹೇಳು," ಎಂದಳು ಸೋಮವ್ವ. "ಗಿರಾಕಿಗೆ ಹೇಳೋ ಬುಧವಾರ ಅತ್ತೀಗೆ ಹೇಳಬ್ಯಾಡ."