ನೆವಿಲ್ ಆರ್ಮರಾಡನ ಎಡಗಡೆ

ಡಿಸೆಂಬರಿನ ಆ ಶನಿವಾರ ಫುಟ್‌ಬಾಲ್ ಕಪ್ ಪಂದ್ಯಾವಳಿಯ ಎರಡನೇ ಸುತ್ತಿನ ಆಟದಲ್ಲಿ, ಚೆಂಡಿಗಾಗಿ ಮೇಲೆ ಹಾರಿದಾಗ ಎದುರಾಳಿಯೊಬ್ಬನ ಮೊಣಕೈ ನೆವಿಲ್ ಆರ್ಮರಾಡನ ಎಡಗಣ್ಣಿಗೆ ಬಡಿಯಿತು. ಅವನು ಕೆಸರಿನಲ್ಲಿ ಮೊಣಕಾಲೂರಿ ಕೂತ. ತಂಡದ ಉಪಚಾರದ ಮುದುಕ ಓಡಿ ಬಂದು, ಬಕೆಟ್ಟಿನ ತಣ್ಣೀರಿನಲ್ಲಿ ಅದ್ದಿದ ಸ್ಪಂಜನ್ನು ಮುಖಕ್ಕೆ ಒತ್ತಿ, ಎಷ್ಟು ಬೆರಳು ಅಂತ ಕೇಳಿದ. ಎರಡು ಅಂದ ನೆವಿಲ್. ಎರಡೇ ಇದ್ದವು. ಎದ್ದು ಆಡಿದ, ಆಟ ಮುಗಿಯಲು ಆರು ನಿಮಿಷವಿದ್ದಾಗ ಗೋಲನ್ನೂ ಹೊಡೆದ. ಅವನ ತಂಡ ಕ್ಲೆಗ್‌ಡೆನ್ ಟೌನ್ ಇಪ್ಪತ್ತಮೂರು ವರ್ಷಗಳ ಮೇಲೆ ಮೊದಲ ಸಲ ಮೂರನೇ ಸುತ್ತಿಗೆ ಬಂತು.

ನೆವಿಲನಿಗೆ ಆಗ ಮೂವತ್ತೊಂದು. ನಾಲ್ಕನೇ, ಅಂದರೆ ಕಟ್ಟಕಡೆಯ, ಡಿವಿಜನ್ನಿನ ಆ ತಂಡದ ನಡುಮೈದಾನದಲ್ಲಿ ಹನ್ನೊಂದು ವರ್ಷ ಓಡಿದವನು, ಐದು ವರ್ಷಗಳಿಂದ ನಾಯಕ. ಅವನ ಆಟದಲ್ಲಿ ಚಮತ್ಕಾರವಿರಲಿಲ್ಲ. ಬೇರೆಯವರು ಕಳೆದುಕೊಂಡ ಚೆಂಡನ್ನು ಕಿತ್ತು ತಂದು, ಆಡಬಲ್ಲವರ ಕಾಲಿಗೆ ಕೊಡುವುದು ಅವನ ಕೆಲಸ. ಅಪ್ಪ ಹತ್ತಿಗಿರಣಿಯಲ್ಲಿ ನೇಕಾರನಾಗಿದ್ದ. ಆ ಗಿರಣಿ ಮುಚ್ಚಿ ಹೋಗಿತ್ತು. ಊರಲ್ಲಿ ಉಳಿದಿದ್ದ ಎರಡು ಗಿರಣಿಗಳಲ್ಲಿ ಒಂದು ಆ ಚಳಿಗಾಲದಲ್ಲಿ ಬಾಗಿಲು ಹಾಕಿತು. ಹದಿನಾರಕ್ಕೆ ಶಾಲೆ ಬಿಟ್ಟ ನೆವಿಲನಿಗೆ ಚೆಂಡು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಕರಾರು ಜೂನ್‌ಗೆ ಮುಗಿಯುತ್ತಿತ್ತು.

ಎರಡು ದಿನ ಬಿಟ್ಟು, ಸೋಮವಾರ ಮಧ್ಯಾಹ್ನ, ಮೂರನೇ ಸುತ್ತಿನಲ್ಲಿ ಯಾರಿಗೆ ಯಾರು ಎದುರು ಎಂದು ಚೀಟಿ ಎತ್ತುವುದನ್ನು ಕೇಳಲು ಇಡೀ ತಂಡ ರೇಡಿಯೋ ಸುತ್ತ ಕೂತಿದ್ದಾಗ ಅವನ ಎಡಗಣ್ಣಿನಲ್ಲಿ ಮಿಂಚು ಹೊಡೆಯಿತು. ಅದೇ ಹೊತ್ತಿಗೆ ರೇಡಿಯೋದವನು ಕ್ಲೆಗ್‌ಡೆನ್ ಟೌನ್‌ಗೆ ತವರಿನ ಮೈದಾನದಲ್ಲಿ ಲಂಡನ್ನಿನ ದೊಡ್ಡ ತಂಡವೊಂದು ಎದುರು ಅಂದ. ಎಲ್ಲರೂ ಹುಚ್ಚೆದ್ದು ಒಬ್ಬರ ಮೇಲೊಬ್ಬರು ಬಿದ್ದರು. ನೆವಿಲನೂ ಕೂಗಿದ. ಕೂಗುತ್ತಲೇ ಕಣ್ಣುಜ್ಜಿಕೊಂಡ.

ಮಿಂಚಿನ ಮೇಲೆ ಕರಿ ಚುಕ್ಕೆಗಳು ಬಂದವು, ಮಸಿ ಉದುರಿದ ಹಾಗೆ. ಆಮೇಲೆ ಎಡಗಡೆಯ ಅಂಚಿನಿಂದ ಒಂದು ಕರಿ ಪರದೆ ದಿನಕ್ಕಿಷ್ಟಿಷ್ಟೇ ಸರಿದು ಬರತೊಡಗಿತು. ಯಾರಿಗೂ ಹೇಳಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದೇನೋ ಸರಿ, ಇವನಿಗೆ ಒಂದು ಕಣ್ಣು ತಾನಾಗಿಯೇ ಮುಚ್ಚುತ್ತಿತ್ತು. ಬಾಗಿಲ ಚೌಕಟ್ಟಿಗೆ ಭುಜ ತಾಗಿದರೆ ತನ್ನನ್ನೇ ಬೈದುಕೊಂಡು ನಗುತ್ತಿದ್ದ. ಆದರೆ ಹೆಂಡತಿಯ ಮುಂದೆ ಆ ನಗು ನಡೆಯಲಿಲ್ಲ. ಬೆರಿಲ್ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವ ಕೆಲಸದವಳು; ಯಾವ ಮಗು ತಿನ್ನಲಿಲ್ಲ, ಯಾವ ಮಗು ಬಚ್ಚಿಟ್ಟಿತು ಎಂದು ದೂರದಿಂದಲೇ ಹೇಳಬಲ್ಲವಳು. ಒಂದು ಸಂಜೆ ಟೀ ಕಪ್ಪನ್ನು ಬೇಕೆಂದೇ ಅವನ ಎಡಕ್ಕೆ ಇಟ್ಟಳು. ಅವನು ಬಲಗಡೆಯೆಲ್ಲ ತಡಕಾಡಿ, ಟೀ ಎಲ್ಲಿ ಅಂತ ಕೇಳಿದ.

ಮರುದಿನವೇ ಅವಳು ಅವನನ್ನು ಬಸ್ಸಿಗೆ ಹತ್ತಿಸಿಕೊಂಡು ನಗರದ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದಳು. ಒಳಗೆ ನೆವಿಲ್ ಒಬ್ಬನೇ ಹೋದ. ವಯಸ್ಸಾದ ಡಾಕ್ಟರು ಬಹಳ ಹೊತ್ತು ದೀಪ ಹಿಡಿದು ನೋಡಿದರು. ಕಣ್ಣಿನ ಹಿಂಭಾಗದ ಪೊರೆ ಗೋಡೆಗೆ ಅಂಟಿಸಿದ ಕಾಗದ ಬಿಟ್ಟುಕೊಂಡ ಹಾಗೆ ಬಿಟ್ಟುಕೊಳ್ಳುತ್ತಿದೆ, ನಡುಭಾಗ ಇನ್ನೂ ಅಂಟಿಕೊಂಡಿದೆ, ನಾಳೆಯೇ ಬಂದು ಶಸ್ತ್ರಚಿಕಿತ್ಸೆಗೆ ಮಲಗಿದರೆ ಬಹುಶಃ ಉಳಿಸಬಹುದು ಎಂದರು. ಚೆಂಡಿನ ಆಟ ಮಾತ್ರ ಇನ್ನು ಮುಗಿಯಿತು. ತಲೆಯಿಂದ ಚೆಂಡು ಹೊಡೆಯುವುದಂತೂ ಕನಸಿನಲ್ಲೂ ಬೇಡ. ಜನವರಿಯ ಮೊದಲ ಶನಿವಾರ ಲಂಡನ್ನಿನವರ ಜೊತೆಗಿನ ಪಂದ್ಯ ಮುಗಿಯಲಿ ಎಂದು ನೆವಿಲ್ ಮೂರು ವಾರ ಟೈಮ್ ಕೇಳಿದ. ಡಾಕ್ಟರು ಕನ್ನಡಕ ತೆಗೆದು, ಮೂರು ವಾರದ ಮೇಲೆ ನೀವು ಬರುವ ಅಗತ್ಯವೇ ಇರುವುದಿಲ್ಲ ಎಂದರು.

ಹೊರಗೆ ಬೆಂಚಿನ ಮೇಲೆ ಬೆರಿಲ್ ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಅವಳ ಮುಖ ನೋಡಿ ನೆವಿಲ್, ಸಣ್ಣ ಪೆಟ್ಟು, ತಾನಾಗಿ ಇಳಿಯುತ್ತದೆ, ಜನವರಿಯಲ್ಲಿ ಇನ್ನೊಮ್ಮೆ ತೋರಿಸಬೇಕಂತೆ ಎಂದ. ಪರಿಚಯವಾದ ಹದಿನೈದು ವರ್ಷದಲ್ಲಿ ಅವಳಿಗೆ ಹೇಳಿದ ಮೊದಲ ದೊಡ್ಡ ಸುಳ್ಳು ಅದು. ಅವಳು ನಂಬಿದಳು. ನಂಬಿ, ಮನಸ್ಸು ಹಗುರಾಗಿ ಬಸ್‌ಸ್ಟಾಪಿನಲ್ಲಿ ಅತ್ತಳು ಬೇರೆ.

ಊರು ಅಷ್ಟರಲ್ಲಿ ಊರಾಗಿ ಉಳಿದಿರಲಿಲ್ಲ. ಕೆಲಸ ಕಳೆದುಕೊಂಡ ಗಂಡಸರು ಹಿಮದಲ್ಲಿ ಟಿಕೆಟ್ಟಿಗೆ ನಿಂತರು. ಮಾಂಸದಂಗಡಿಯವನು ಕಿಟಕಿಯಲ್ಲಿ ನೆವಿಲನ ಚಿತ್ರ ತೂಗುಹಾಕಿದ. ರೊಟ್ಟಿಯಂಗಡಿಯ ಮುದುಕಿ ಮಾಂಸದ ಪೈ ಕಟ್ಟಿಕೊಡುತ್ತ, "ಅವರನ್ನ ಸೋಲ್ಸೋದೇನೂ ಬೇಡ ಕಣಪ್ಪ, ಸ್ವಲ್ಪ ಹೆದರ್ಸಿದ್ರೆ ಸಾಕು" ಅಂದಳು. ಅಂಥ ಊರಿಗೆ ಹೋಗಿ ನನಗೆ ಕಣ್ಣು ಕಾಣುವುದಿಲ್ಲ ಎನ್ನುವುದು ಹೇಗೆ? ಅದು ಒಂದು ಕಾರಣ. ಇನ್ನೊಂದು ಕಾರಣವನ್ನು ನೆವಿಲ್ ತನಗೂ ಹೇಳಿಕೊಳ್ಳಲಿಲ್ಲ: ಹನ್ನೊಂದು ವರ್ಷ ಕೆಸರು ತುಳಿದವನಿಗೆ ಒಂದೇ ಒಂದು ದಿನ, ಜಗತ್ತು ತನ್ನತ್ತ ನೋಡುವ ದಿನ, ಬೇಕಾಗಿತ್ತು.

ಆಟದ ಕಳ್ಳದಾರಿಗಳನ್ನು ಹುಡುಕಿಕೊಂಡ. ಕತ್ತನ್ನು ಕೋಳಿಯ ಹಾಗೆ ಎಡಕ್ಕೆ ತಿರುಗಿಸುತ್ತಲೇ ಇರುವುದು. ಚೆಂಡು ಎತ್ತರದಲ್ಲಿ ಬಂದರೆ ಬೇರೆಯವನ ಹೆಸರು ಕೂಗಿ ಬಿಟ್ಟುಕೊಡುವುದು. ತನ್ನನ್ನು ಮೈದಾನದ ಎಡಬದಿಗೆ ಹಾಕಿದರೆ ಎಲ್ಲರೂ ತನ್ನ ಬಲಗಡೆಯೇ ಇರುತ್ತಾರೆ ಎಂದು ಲೆಕ್ಕ ಹಾಕಿ, ಮ್ಯಾನೇಜರ್ ಸಗ್ಡನ್‌ರ ಹತ್ತಿರ ಹೋಗಿ ಕೇಳಿದ. ಆಟಗಾರರೆಲ್ಲ ಯಜಮಾನ್ರು ಎಂದು ಕರೆಯುತ್ತಿದ್ದ ಆ ದಪ್ಪ ಮನುಷ್ಯ, ಬಲಗಾಲಿನವನಿಗೆ ಎಡಬದಿ ಯಾಕಪ್ಪ, ಓಡ್ತಿರೋ ಗಾಡಿಯ ಚಕ್ರ ಬಿಚ್ಚಬಾರದು ಎಂದು ಕಳಿಸಿಬಿಟ್ಟರು. ಹಾಗಾಗಿ ನೆವಿಲನ ಎಡಗಡೆ ಎಂದಿನಂತೆ ಬ್ಯಾರಿ ಹೋರಾಕ್ಸನೇ ಉಳಿದ.

ಬ್ಯಾರಿಗೆ ಇಪ್ಪತ್ತಮೂರು. ನಡುಮೈದಾನದಲ್ಲಿ ನೆವಿಲನ ಜೋಡಿ. ನೆವಿಲ್ ಕಿತ್ತುಕೊಟ್ಟ ಚೆಂಡಿಗೆ ಜೀವ ಬರಿಸುವ ಕಾಲು ಅವನದು. ದೊಡ್ಡ ತಂಡಗಳ ಕಣ್ಣು ಅವನ ಮೇಲಿದೆ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಕ್ರಿಸ್‌ಮಸ್ ಕಳೆದ ಮೂರನೇ ದಿನ ಅಭ್ಯಾಸ ಮುಗಿದ ಮೇಲೆ ಅವನು ನೆವಿಲನನ್ನು ಬೂಟು ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದ.

"ನಾಲ್ಕು ಸಲ ಕೈ ಎತ್ತಿದೆ. ನಾಲ್ಕು ಸಲಾನೂ ನೀನು ನೋಡ್ಲಿಲ್ಲ."

"ಬಿಸಿಲು ಇತ್ತು."

"ಬಿಸಿಲಾ? ಕ್ಲೆಗ್‌ಡೆನ್‌ನಲ್ಲಿ? ಡಿಸೆಂಬರ್‌ನಲ್ಲಿ?" ಬ್ಯಾರಿ ತನ್ನ ಕೈಯನ್ನು ಅವನ ಎಡಗಿವಿಯ ಹತ್ತಿರದಿಂದ ಮೂಗಿನವರೆಗೆ ನಿಧಾನವಾಗಿ ತಂದ. ಮೂಗಿನ ಹತ್ತಿರ ಬಂದಾಗ ನೆವಿಲ್ ಬೆಚ್ಚಿದ. "ಅಯ್ಯೋ ನೆವ್. ಯಾವಾಗಿಂದ?"

ನೆವಿಲ್ ಎಲ್ಲವನ್ನೂ ಹೇಳಿದ. ಡಾಕ್ಟರು ಅಂದದ್ದನ್ನೂ ಹೇಳಿದ. ಹೇಳುವಾಗ ಅವನಿಗೇ ಗೊತ್ತಾಗದ ಹಾಗೆ ಬ್ಯಾರಿಯ ತೋಳು ಹಿಡಿದುಕೊಂಡಿದ್ದ.

"ಶನಿವಾರದವರೆಗೆ ಬಾಯಿ ಬಿಡ್ಬೇಡ. ಕಾಲಿಗೆ ಬೇಕಾದ್ರೂ ಬೀಳ್ತೀನಿ. ಭಾನುವಾರ ನಾನೇ ಹೋಗಿ ಯಜಮಾನ್ರಿಗೆ ಹೇಳ್ತೀನಿ."

ಬ್ಯಾರಿ ಅವನ ಕೈ ಬಿಡಿಸಿಕೊಂಡು ಬೆಂಚಿನ ಮೇಲೆ ಕೂತ. ಆಮೇಲೆ, ತಾನೇ ಅವನ ಎಡಗಣ್ಣಾಗುತ್ತೇನೆ, ಎಡದಿಂದ ಏನೇ ಬಂದರೂ ಕೂಗುತ್ತೇನೆ, ಕೂಗು ಕೇಳಿದರೆ ಕಾಲು ಎತ್ತಬಾರದು ಎಂದ. ಉಳಿದ ದಿನಗಳಲ್ಲಿ ಇಬ್ಬರೂ ಅದನ್ನೇ ಅಭ್ಯಾಸ ಮಾಡಿದರು. ಕೂಗು, ನಿಲ್ಲು. ಕೂಗು, ಬಿಡು. ಶುಕ್ರವಾರದ ಹೊತ್ತಿಗೆ ನೆವಿಲನ ಎಡಗಣ್ಣಿನ ಮೇಲ್ಗಡೆ ಒಂದು ಸಣ್ಣ ಹೋಳು ಬೆಳಕು ಮಾತ್ರ ಉಳಿದಿತ್ತು.

ಶನಿವಾರ ಹದಿಮೂರು ಸಾವಿರ ಜನ ಬಂದರು. ಮೊದಲರ್ಧ ಅವನ ಜೀವಮಾನದ ಆಟ. ಲಂಡನ್ನಿನವರು ಕೆಸರಿನಲ್ಲಿ ಜಾರಿದರು, ಗೊಣಗಿದರು. ಅವರ ಹೆಸರಾಂತ ಆಟಗಾರನೊಬ್ಬ ನೆವಿಲನಿಗೆ, ಅಜ್ಜ, ಸ್ವಲ್ಪ ಉಸಿರು ತಗೋ ಎಂದ. ಎಡದಿಂದ ಬ್ಯಾರಿಯ ದನಿ ಕೇಳುತ್ತಲೇ ಇತ್ತು. ಎಪ್ಪತ್ತು ನಿಮಿಷವಾದರೂ ಯಾರಿಗೂ ಗೋಲಿಲ್ಲ. ಆಗ ಜನಕ್ಕೆ ನಂಬಿಕೆ ಹುಟ್ಟಿತು. ಮರದ ಮೆಟ್ಟಿಲುಗಳ ಮೇಲೆ ಕಾಲು ಬಡಿಯುತ್ತ ಎಲ್ಲರೂ ಒಂದೇ ಸಮನೆ ಊರಿನ ಹೆಸರು ಕೂಗತೊಡಗಿದರು. ಆ ಗದ್ದಲದಲ್ಲಿ ನೆವಿಲನಿಗೆ ತನ್ನ ಉಸಿರೂ ಕೇಳಿಸದಾಯಿತು.

ಎಪ್ಪತ್ತಾರನೇ ನಿಮಿಷ. ಚೆಂಡು ಯಾರ ಕಾಲಿಗೂ ಸಿಗದೆ ನಡುಮೈದಾನದಲ್ಲಿ ಉರುಳಿತು. ನೆವಿಲನಿಗೆ ಬಲಗಣ್ಣಿನಲ್ಲಿ ಅದು ನಿಚ್ಚಳವಾಗಿ ಕಂಡಿತು. ಎದುರಿನವನು ಓಡಿ ಬರುವುದೂ ಕಂಡಿತು. ಮೈಯ ಭಾರವನ್ನೆಲ್ಲ ಹಾಕಿ ಬಲಗಾಲು ಬೀಸಿದ. ಎಡದಿಂದ ಬ್ಯಾರಿ ಕೂಗುತ್ತಲೇ ಜಾರಿ ಬಂದು ಚೆಂಡನ್ನು ಮುಟ್ಟಿದ್ದ. ಒಣಗಿದ ಕೊಂಬೆ ಮುರಿದಂಥ ಸದ್ದಾಯಿತು. ಆ ಗದ್ದಲದಲ್ಲೂ ಅದೊಂದು ಸದ್ದು ಮಾತ್ರ ನೆವಿಲನಿಗೆ ಕೇಳಿಸಿತು.

ರೆಫರಿ ಸೀಟಿ ಊದುವ ಮೊದಲೇ ಲಂಡನ್ನಿನವರು ಚೆಂಡು ಒಯ್ದು ಗೋಲಿಗೆ ಹಾಕಿದ್ದರು. ನೆವಿಲ್ ಅತ್ತ ನೋಡಲಿಲ್ಲ. ಬ್ಯಾರಿಯ ಕಾಲು ಮೊಣಕಾಲಿನ ಕೆಳಗೆ ತಿರುಗಬಾರದ ಕಡೆಗೆ ತಿರುಗಿತ್ತು. ಸ್ಟ್ರೆಚರ್ ಬರುವ ತನಕ ನೆವಿಲ್ ಕೆಸರಿನಲ್ಲಿ ಕೂತು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಬ್ಯಾರಿ ಒಂದೇ ಮಾತು ಹೇಳಿದ: "ಕೂಗ್ದೆ ಕಣೋ."

ಅದೊಂದೇ ಗೋಲಿನಿಂದ ತಂಡ ಸೋತಿತು, ಆದರೂ ಯಾರೂ ನೆವಿಲನನ್ನು ದೂರಲಿಲ್ಲ. ಅದೇ ಅವನಿಗೆ ತಡೆಯಲಾಗದೆ ಹೋದದ್ದು. ಇಬ್ಬರು ಗೆಳೆಯರು ಒಂದೇ ಚೆಂಡಿಗೆ ಹೋದರು, ದುರದೃಷ್ಟ ಎಂದರು ಸಗ್ಡನ್. ಪಬ್ಬಿನಲ್ಲಿ ಅಪರಿಚಿತರು ಬಂದು ಬೆನ್ನು ತಟ್ಟಿ ಬಿಯರ್ ಕೊಡಿಸಿದರು. ಭಾನುವಾರ ಹೋಗಿ ಹೇಳುತ್ತೇನೆ ಅಂದಿದ್ದವನು ಭಾನುವಾರ ಹೋಗಲಿಲ್ಲ. ಸೋಮವಾರವೂ ಹೋಗಲಿಲ್ಲ. ಮಂಗಳವಾರ ಕಣ್ಣಾಸ್ಪತ್ರೆಯಿಂದ ಕಾಗದ ಬಂತು: ಡಿಸೆಂಬರಿನಲ್ಲಿ ಗೊತ್ತುಮಾಡಿದ್ದ ಶಸ್ತ್ರಚಿಕಿತ್ಸೆಗೆ ತಾವು ಬರಲಿಲ್ಲ. ಬೆರಿಲ್ ಅದನ್ನು ನಿಂತಲ್ಲೇ ಎರಡು ಸಲ ಓದಿದಳು. ಅವನು ಅಡುಗೆಮನೆಯ ಮೇಜಿಗೆ ಹಣೆ ಇಟ್ಟುಕೊಂಡು ಕೂತಿದ್ದ.

"ನಂಗೆ ಸುಳ್ಳು ಹೇಳಿದ್ದು ಹೋಗ್ಲಿ," ಅಂದಳು ಕೊನೆಗೆ. "ಆ ಹುಡುಗನ ತಾಯಿಗೆ ಏನು ಹೇಳ್ತೀಯಾ?"

ಅಂದೇ ಸಗ್ಡನ್‌ರ ಕೋಣೆಗೆ ಹೋಗಿ ಹೇಳಿದ. ಯಜಮಾನರು ಬೈಯಲಿಲ್ಲ. ಕುರ್ಚಿಯಲ್ಲಿ ತಿರುಗಿ ಕಿಟಕಿಯತ್ತ ಮುಖ ಮಾಡಿದರು. ಅವನು ಹೊರಗೆ ಬರುವ ತನಕ ಇತ್ತ ತಿರುಗಲೇ ಇಲ್ಲ. ವಾರದೊಳಗೆ ಊರಿಗೆಲ್ಲ ಗೊತ್ತಾಯಿತು. ಮಾಂಸದಂಗಡಿಯ ಕಿಟಕಿಯಿಂದ ಚಿತ್ರ ಇಳಿಯಿತು. ಮನೆಯ ಬಾಗಿಲ ಮೇಲೆ ಯಾರೋ ಬಿಳಿ ಬಣ್ಣದಲ್ಲಿ ಒಂದು ಕೆಟ್ಟ ಮಾತು ಬರೆದರು. ಬೆರಿಲ್ ಅದನ್ನು ಕೆಲಸಕ್ಕೆ ಹೋಗುವ ಮೊದಲು ಉಜ್ಜಿ ತೆಗೆದಳು. ಕಣ್ಣಿಗೆ ಶಸ್ತ್ರಚಿಕಿತ್ಸೆಯೂ ಆಯಿತು. ಹಗಲು ಯಾವುದು ರಾತ್ರಿ ಯಾವುದು ಎಂದು ತಿಳಿಯುವಷ್ಟು ಉಳಿಯಿತು, ಅಷ್ಟೇ.

ಬ್ಯಾರಿಯ ಮೂಳೆಯನ್ನು ಎರಡು ಸಲ ಕೂರಿಸಬೇಕಾಯಿತು. ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಅವನು ತಾಯಿಯ ಮನೆಯಲ್ಲಿದ್ದ. ನೆವಿಲ್ ಹೋದಾಗಲೆಲ್ಲ ಆಕೆ, ಮಿಸೆಸ್ ಹೋರಾಕ್ಸ್, ಬಾಗಿಲನ್ನು ಒಂದು ಗೇಣು ತೆರೆದು, ಮಲಗಿದಾನೆ ಎಂದು ಮುಚ್ಚುತ್ತಿದ್ದಳು. ಹೀಗೆ ಏಳು ಸಲ. ಎಂಟನೇ ಸಲ ಒಳಗಿಂದ ಬ್ಯಾರಿಯೇ, ಬರಲಿ ಬಿಡಮ್ಮ ಎಂದ.

ಮುಂಗೋಣೆಯ ಸೋಫಾದ ಮೇಲೆ ಕಾಲು ಚಾಚಿಕೊಂಡು ಅವನು ಒರಗಿದ್ದ. ನೆವಿಲ್ ಟೋಪಿಯನ್ನು ಕೈಯಲ್ಲಿ ಹಿಡಿದು, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನು ಶುರು ಮಾಡಿದ. ಎರಡು ವಾಕ್ಯ ಆಗುವಷ್ಟರಲ್ಲಿ ಬ್ಯಾರಿ ಕೈ ಎತ್ತಿದ.

"ಸಾಕು," ಅಂದ ಬ್ಯಾರಿ. "ನಾನೊಂದು ಹೇಳ್ತೀನಿ, ಕೂತ್ಕೋ. ಬೂಟು ಕೋಣೆಯಿಂದ ಹೊರಗೆ ಬಂದ ತಕ್ಷಣ ನಾನು ಯಜಮಾನ್ರ ಬಾಗಿಲ ತನಕ ಹೋಗಿದ್ದೆ. ಕೈ ಎತ್ತಿದ್ದೆ, ತಟ್ಟೋಕೆ. ಆಮೇಲೆ ಅನ್ನಿಸ್ತು, ನೀನಿಲ್ದಿದ್ರೆ ನಂಗೆ ಚೆಂಡು ಕೊಡೋರು ಯಾರು? ಆ ಶನಿವಾರ ನನ್ನ ಆಟ ನೋಡೋಕೆ ಎರಡು ದೊಡ್ಡ ತಂಡದೋರು ಬರೋರಿದ್ರು. ವಾಪಸ್ ಬಂದ್ಬಿಟ್ಟೆ."

ನೆವಿಲ್ ತಲೆಯೆತ್ತಿದ.

"ನಿನ್ನ ಕಣ್ಣು ಹೋಗತ್ತೆ ಅಂತ ಗೊತ್ತಿತ್ತು ನಂಗೆ. ಗೊತ್ತಿದ್ದೇ ಸುಮ್ನಿದ್ದೆ," ಅಂದ ಬ್ಯಾರಿ. ಗೋಡೆಯತ್ತ ಮುಖ ತಿರುಗಿಸಿದ. "ಹಾಗಂತ ಸಿಟ್ಟಿಲ್ಲ ಅಂದ್ಕೋಬೇಡ. ರಾತ್ರಿಯೆಲ್ಲ ನಿನ್ನ ಬೈತಾ ಇರ್ತೀನಿ."

"ಬೈಯಿ."

"ಬೈತೀನಿ. ಅದಕ್ಕೆ ನಿನ್ನ ಅಪ್ಪಣೆ ಬೇಕಾ?"

ಅಡುಗೆಮನೆಯ ಬಾಗಿಲಲ್ಲಿ ನಿಂತು ಮಿಸೆಸ್ ಹೋರಾಕ್ಸ್ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮಗನನ್ನು ನೋಡಿದಳು, ಬಂದವನನ್ನು ನೋಡಿದಳು, ಒಳಗೆ ಹೋದಳು. ಟೀ ತರಲಿಲ್ಲ. ಹೊರಗೆ ಹೋಗೆಂದೂ ಹೇಳಲಿಲ್ಲ.

ನೆವಿಲನಿಗೆ ಬಿಸ್ಕತ್ತು ಕಾರ್ಖಾನೆಯಲ್ಲಿ ಲಾರಿಗೆ ಪೆಟ್ಟಿಗೆ ಏರಿಸುವ ಕೆಲಸ ಸಿಕ್ಕಿತು. ಮುಂದೆ ಯಾವತ್ತೂ ಮೈದಾನದ ಕಡೆ ಹೋಗಲಿಲ್ಲ. ಶನಿವಾರ ಮಧ್ಯಾಹ್ನ ಊರಿನ ಕೂಗು ಛಾವಣಿಗಳ ಮೇಲೆ ಹಾಯ್ದು ಬಂದರೆ ಕಿಟಕಿ ಹಾಕಿಕೊಳ್ಳುತ್ತಿದ್ದ. ಬ್ಯಾರಿಯನ್ನು ಕೇಳಿಕೊಂಡು ಲಂಡನ್ನಿನಿಂದ ಯಾರೂ ಬರಲಿಲ್ಲ. ಮೇ ತಿಂಗಳಲ್ಲಿ ಪ್ಲಾಸ್ಟರ್ ತೆಗೆದಾಗ ಆ ಕಾಲು ಇನ್ನೊಂದಕ್ಕಿಂತ ಒಂದು ಬೆರಳು ಗಿಡ್ಡವಾಗಿತ್ತು. ಆಟದ ಮಾತನ್ನು ಡಾಕ್ಟರು ಎತ್ತಲೇ ಇಲ್ಲ.

ಮೊದಲ ಸಲ ಬೀದಿಗೆ ಇಳಿದ ದಿನ ಅವನು ನೆವಿಲನ ಭುಜದ ಮೇಲೆ ಭಾರ ಹಾಕಿ ನಡೆದ. ಮೂಲೆಯ ಅಂಚೆಪೆಟ್ಟಿಗೆಯ ತನಕ ಹೋಗಿ ಬರುವುದು ಎಂದು ಮಾತಾಗಿತ್ತು. ಹತ್ತು ಹೆಜ್ಜೆಗೊಮ್ಮೆ ನಿಂತು, ಬೆವರು ಒರೆಸಿಕೊಂಡು, ಹಲ್ಲು ಕಚ್ಚಿ ಬೈಯುತ್ತಿದ್ದ: ಕಾಲನ್ನು, ಡಾಕ್ಟರನ್ನು, ದೇವರನ್ನು, ಎಲ್ಲರಿಗಿಂತ ಹೆಚ್ಚು ನೆವಿಲನನ್ನು. ನೆವಿಲ್ ಬೈಗುಳ ಕೇಳಿಸಿಕೊಳ್ಳುತ್ತ ಅವನ ಸೊಂಟ ಬಿಗಿಯಾಗಿ ಹಿಡಿದಿದ್ದ. ಅರ್ಧ ದಾರಿಯಲ್ಲಿ ಬ್ಯಾರಿಯ ಕಾಲು ಕುಸಿಯಿತು. ಇಬ್ಬರೂ ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತರು. ಅಂಚೆಪೆಟ್ಟಿಗೆ ಇನ್ನೂ ದೂರವಿತ್ತು.

"ಏಳೋಣ್ವಾ?" ಅಂತ ನೆವಿಲ್ ಕೇಳಿದ.

"ಇರು," ಅಂದ ಬ್ಯಾರಿ. "ಇನ್ನೂ ಸ್ವಲ್ಪ ಹೊತ್ತು ಇರು."