ಒಂದೇ ಚಿತ್ರದಲ್ಲಿ ಕಂಡ ಚುಕ್ಕೆಗಳು

ಮೂಲ ಚಿತ್ರಗಳನ್ನು ಸಂಜೆ ಐದಕ್ಕೆ ಅಳಿಸುವುದೆಂದು ವಿಭಾಗದ ಮುಖ್ಯಸ್ಥರು ಬೆಳಿಗ್ಗೆಯೇ ಹೇಳಿದ್ದರು. ಹಳೆಯ ಉಪಗ್ರಹ ಏಳು ವರ್ಷ ಕಳಿಸಿದ ಸೂರ್ಯನ ಚಿತ್ರಗಳು ಅವು. ಶುದ್ಧ ಮಾಡಿದ ಪ್ರತಿ ಇದ್ದೇ ಇತ್ತು. ಶುದ್ಧ ಮಾಡುವ ಪ್ರೋಗ್ರಾಂ ಬರೆದವನು ನಾನು.

ಅದಕ್ಕೂ ಮೊದಲು ಆ ಕೆಲಸ ಅಕ್ಕನದು. ಕೋಣೆಯಲ್ಲಿ ಹಿರಿಯರಾದ್ದರಿಂದ ಎಲ್ಲರಿಗೂ ಅಕ್ಕ. ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿ, ಒಂದೊಂದೇ ಚಿತ್ರ ನೋಡುತ್ತಿದ್ದರು. ಬಾಹ್ಯಾಕಾಶದ ಕಣ ಕ್ಯಾಮೆರಾಕ್ಕೆ ಬಡಿದರೆ ಚಿತ್ರದಲ್ಲಿ ಬಿಳಿ ಚುಕ್ಕೆ ಮೂಡುತ್ತದೆ; ಅದನ್ನು ತೆಗೆಯಬೇಕು. ಹನ್ನೆರಡು ಸೆಕೆಂಡಿಗೊಂದು ಚಿತ್ರ. ಮುಂದಿನ ಚಿತ್ರದಲ್ಲಿ ಕಾಣದ ಚುಕ್ಕೆಯೆಲ್ಲ ಕಸ ಎಂದಿತು ನನ್ನ ಪ್ರೋಗ್ರಾಂ. ಅಂದಿನಿಂದ ಅಕ್ಕನ ಬಾಯಲ್ಲಿ ನಾನು ಜರಡಿಯಾದೆ.

"ಏ ಜರಡಿ, ಇಲ್ನೋಡು. ಕಣ ಬಿದ್ದಿದ್ರೆ ಅಂಚು ಚೂಪಾಗಿರುತ್ತೆ. ಇದು ಮೆತ್ತಗಿದೆ. ಇದು ಸೂರ್ಯನದೇ."

"ಒಂದೇ ಚಿತ್ರದಲ್ಲಿ ಇದೆಯಲ್ಲ ಅಕ್ಕಾ?"

"ಇದ್ರೇನು? ಬೇಗ ಹೋದೋರು ಹುಟ್ಟೇ ಇರ್ಲಿಲ್ವಾ?"

ನಾನು ನಕ್ಕುಬಿಟ್ಟೆ. ತಿಂಗಳೊಳಗೆ ಅಕ್ಕನನ್ನು ಕಡತಗಳ ಕೋಣೆಗೆ ಕಳಿಸಿದರು, ಆಮೇಲೆ ನಿವೃತ್ತಿ. ಹೋಗುವ ದಿನ ನನ್ನ ಮೇಜಿನ ಮೇಲೆ ನೋಟ್‌ಬುಕ್ ಇಟ್ಟು ಹೋದರು. ದಿನಾಂಕ, ಸಮಯ, ಜಾಗ: ಸೂರ್ಯನದೇ ಎಂದು ಅವರು ಗುರುತಿಸಿದ ನಾನೂರ ಹದಿನೆಂಟು ಚುಕ್ಕೆ. ನಾನದನ್ನು ಡ್ರಾಯರಿಗೆ ತಳ್ಳಿದ್ದೆ.

ಅಳಿಸಬೇಕಿದ್ದ ದಿನವೇ ಮಧ್ಯಾಹ್ನ ಹೊಸ ಉಪಗ್ರಹದ ಚಿತ್ರಗಳು ಬಂದವು. ಇದರದು ಎರಡು ಸೆಕೆಂಡಿಗೊಂದು. ಸೂರ್ಯನ ವಾತಾವರಣದ ಕೆಳಪದರದಲ್ಲಿ ಪುಟ್ಟ ಮಿಣುಕೊಂದು ಐದು ಚಿತ್ರಗಳಲ್ಲಿತ್ತು, ಆರನೆಯದರಲ್ಲಿ ಇರಲಿಲ್ಲ. ಅಂಚು ಮೆತ್ತಗಿತ್ತು.

ಡ್ರಾಯರ್ ಎಳೆದೆ. ಅಕ್ಕ ಬರೆದ ಸಮಯಗಳ ಮೂಲ ಚಿತ್ರಗಳನ್ನು ತೆರೆಯುತ್ತ ಹೋದೆ. ಅಂಥವೇ ಮಿಣುಕುಗಳು. ಶುದ್ಧ ಪ್ರತಿಯಲ್ಲಿ ಆ ಜಾಗವೆಲ್ಲ ಖಾಲಿ. ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು. ನೋಟ್‌ಬುಕ್ ಹಿಡಿದು ಮುಖ್ಯಸ್ಥರ ಬಳಿಗೆ ಓಡಿದೆ.

"ಅಳಿಸ್ಬೇಡಿ ಸರ್."

"ಯಾಕಪ್ಪಾ? ನಿನ್ನ ಶುದ್ಧ ಪ್ರತಿ ಇದೆಯಲ್ಲ?"

"ಕಸದ ಜೊತೆ ಸೂರ್ಯನ್ನೂ ಗುಡಿಸಿಬಿಟ್ಟಿದೀನಿ."

ಅವರು ನೋಟ್‌ಬುಕ್ಕಿನ ಪುಟ ತಿರುವಿದರು, ನನ್ನ ಮುಖ ನೋಡಿದರು. ಬಳಿಕ ಫೋನೆತ್ತಿ, "ಅದನ್ನ ನಿಲ್ಸಿ" ಎಂದರು.

ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಎಷ್ಟು ಹೊತ್ತು ಬದುಕುತ್ತಂತೆ?"

"ಹತ್ತು ಸೆಕೆಂಡು ಅಕ್ಕಾ."

"ಪಾಪ," ಎಂದರು. "ನಾಳೆ ಬರ್ತೀನಿ. ನನ್ನ ಕುರ್ಚಿ ಇದೆಯೇನೋ ಜರಡಿ, ಅದನ್ನೂ ಗುಡಿಸಿಬಿಟ್ಯಾ?"

ಕುರ್ಚಿಯ ಮೇಲಿದ್ದ ಕಡತಗಳನ್ನು ನಾನು ಆಗಲೇ ಎತ್ತಿಡತೊಡಗಿದ್ದೆ.